ಮಗುವಿನ ಮೌನವೂ ಉಪಾಧ್ಯಾಯರ ಹೊಣೆಯೂ

ಹಗಲಿನ ಬಹುಭಾಗ ನಮ್ಮ ಮಕ್ಕಳು ಇರುವುದು ಉಪಾಧ್ಯಾಯರ ಕಣ್ಣೆದುರಿಗೆ. ಆದುದರಿಂದ ತಂದೆತಾಯಿಗಳಿಗೆ ಕಾಣದುದು ಎಷ್ಟೋ ವೇಳೆ ಗುರುಗಳಿಗೆ ಕಾಣುವುದು. ನಗುನಗುತ್ತಿದ್ದ ಹುಡುಗಿಯು ಮೂಲೆ ಸೇರುವಳು. ಪಾಠದಲ್ಲಿ ಮುಂದಿದ್ದ ಹುಡುಗನು ಹಿಂದೆ ಬೀಳುವನು. ಶಾಲೆ ಬಿಟ್ಟರೂ ಮನೆಗೆ ಹೋಗಲು ಮಗುವಿಗೆ ಮನಸ್ಸು ಬಾರದು. ಮೈಮೇಲಿನ ಬಾಸುಂಡೆಗೆ ದಿನಕ್ಕೊಂದು ಕಾರಣ ಹುಟ್ಟುವುದು. ಇವುಗಳಲ್ಲಿ ಯಾವುದೊಂದೂ ತಾನೇ ಹಿಂಸೆಯ ಪ್ರಮಾಣವಲ್ಲ. ಆದರೂ ಕಂಡೂ ಕಾಣದಂತಿರುವುದು ಗುರುವಿಗೆ ತಕ್ಕುದಲ್ಲ.

ನಮ್ಮ ಸೀಮೆಯ ಮಾತನ್ನೇ ತೆಗೆದುಕೊಳ್ಳೋಣ. ಎಳೆಯ ಹೆಣ್ಣುಮಕ್ಕಳಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸುವ ಪದ್ಧತಿಯು ಇಲ್ಲಿ ಬಹುಕಾಲ ನಡೆಯಿತು. ಬಳ್ಳಾರಿ ಜಿಲ್ಲೆಯು ಮದರಾಸಿಗೆ ಸೇರಿದ್ದಾಗ 1947ರಲ್ಲಿಯೂ, ಬಳಿಕ ಕರ್ನಾಟಕದಲ್ಲಿ 1982ರಲ್ಲಿಯೂ ಕಾಯಿದೆಗಳು ಇದನ್ನು ನಿಷೇಧಿಸಿದುವು. ಬಾಲ್ಯವಿವಾಹಕ್ಕೆ 2006ರ ಕಾಯಿದೆಯ ತಡೆಯುಂಟು. ಆದರೆ ಎಂಟನೆಯ ತರಗತಿಯ ಹುಡುಗಿಯು ನಾಲ್ಕು ದಿನ ಬರಲಿಲ್ಲವೆಂಬುದು ಯಾವ ಕಾಯಿದೆಯಲ್ಲಿಯೂ ಇಲ್ಲ. ಉಪಾಧ್ಯಾಯರ ಹಾಜರಿ ಪುಸ್ತಕದಲ್ಲಿದೆ. ಏಕೆ ಬರಲಿಲ್ಲವೆಂದು ಮೊದಲು ಕೇಳಬಲ್ಲವರು ಅವರೇ.

ಮಗುವು ಬಾಯಿಬಿಟ್ಟಾಗ ಮಾಡತಕ್ಕುದೇನು? ಮೊದಲನೆಯದಾಗಿ, ಸಾವಧಾನದಿಂದ ಕೇಳಬೇಕು. ಗದರಿಸಬಾರದು, ಹೀಗಾಯಿತೆ, ಹಾಗಾಯಿತೆ ಎಂದು ಮಾತುಗಳನ್ನು ಅದರ ಬಾಯಿಗೆ ತುರುಕಬಾರದು. “ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ” ಎಂದರೆ ಸಾಕು. ಯಾರಿಗೂ ಹೇಳೆನೆಂದು ಭಾಷೆ ಕೊಡಬಾರದು. ಆ ಭಾಷೆಯನ್ನು ಮುರಿಯಲೇಬೇಕಾಗುವುದು. ಎರಡನೆಯದಾಗಿ, ಮಗು ಆಡಿದುದನ್ನು ಅದರ ಮಾತಿನಲ್ಲಿಯೇ, ದಿನ ವೇಳೆ ಸಹಿತ ಬರೆದಿಡಬೇಕು. ಮೂರನೆಯದಾಗಿ, ತಡಮಾಡದೆ ತಿಳಿಸಬೇಕು. ಶಂಕಿತನನ್ನು ಕರೆಸಿ ವಿಚಾರಿಸುವುದಾಗಲಿ, ಹಿರಿಯರನ್ನು ಕೂಡಿಸಿ ರಾಜಿ ಮಾಡಿಸುವುದಾಗಲಿ ಶಾಲೆಯ ಕೆಲಸವಲ್ಲ. ತನಿಖೆಯು ಪೋಲೀಸರದು, ತೀರ್ಪು ನ್ಯಾಯಾಲಯದ್ದು.

ಲೈಂಗಿಕ ಅಪರಾಧದ ವಿಷಯದಲ್ಲಿ ಇದು ಬರಿಯ ನೀತಿಯಲ್ಲ. 2012ರ ಪೋಕ್ಸೋ ಕಾಯಿದೆಯಂತೆ, ಅಂತಹ ಅಪರಾಧ ನಡೆದುದನ್ನು ಬಲ್ಲವರೂ, ನಡೆದೀತೆಂದು ಶಂಕಿಸುವವರೂ ಪೋಲೀಸರಿಗೆ ತಿಳಿಸತಕ್ಕದ್ದು. ತಿಳಿಸದವರಿಗೆ 6 ತಿಂಗಳವರೆಗೆ ಸೆರೆ, ದಂಡ ಅಥವಾ ಎರಡೂ. ಕೈಕೆಳಗಿನವರ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಸೆರೆಯೂ ದಂಡವೂ ಉಂಟು. ಸದ್ಭಾವದಿಂದ ತಿಳಿಸಿದವರಿಗೆ ಕಾಯಿದೆಯ ರಕ್ಷಣೆಯಿದೆ. ಮಗುವಿನ ಹೇಳಿಕೆಯನ್ನು ಪೋಲೀಸರು ಅದರ ಮನೆಯಲ್ಲಿಯೋ ಅದು ಬಯಸಿದ ಎಡೆಯಲ್ಲಿಯೋ, ಸಮವಸ್ತ್ರ ಧರಿಸದೆ ಪಡೆಯತಕ್ಕದ್ದು. ಹೊಡೆತ, ಉಪವಾಸ, ಬಾಲ್ಯವಿವಾಹ ಮೊದಲಾದ ಯಾವ ಸಂಕಟಕ್ಕೂ 1098ಕ್ಕೆ ಕರೆಮಾಡಬಹುದು, ಶುಲ್ಕವಿಲ್ಲ. ಮಕ್ಕಳ ಕಲ್ಯಾಣ ಸಮಿತಿಯು ಜಿಲ್ಲೆಯ ಮಟ್ಟದಲ್ಲಿರುವುದರಿಂದ, 2021ರಲ್ಲಿ ವಿಜಯನಗರ ಜಿಲ್ಲೆಯಾದಂದಿನಿಂದ ಹೊಸಪೇಟೆ, ಹಂಪೆಗಳವರು ಆ ಜಿಲ್ಲೆಯ ಸಮಿತಿಯನ್ನೂ, ಸಂಡೂರು, ಕಂಪ್ಲಿಗಳವರು ಬಳ್ಳಾರಿಯದನ್ನೂ ಕಾಣತಕ್ಕದ್ದು.

ಇನ್ನೊಂದು ಮಾತು. ಶಾಲೆಯಲ್ಲಿ ಮಕ್ಕಳಿಗೆ ದೇಹದಂಡನೆಯು 2009ರ ಶಿಕ್ಷಣ ಹಕ್ಕಿನ ಕಾಯಿದೆಯಿಂದಲೇ ನಿಷಿದ್ಧ. ಬೆತ್ತ ಹಿಡಿದ ಕೈಗೆ ಹೆದರುವ ಮಗುವು ಆ ಗುರುವಿನ ಬಳಿ ತನ್ನ ದುಃಖವನ್ನು ತೋಡಿಕೊಳ್ಳುವುದೆಂತು?

ಗೃಹಸ್ಥರಾದ ನಮ್ಮ ಪಾಲಿನ ಕರ್ತವ್ಯವೂ ಇದೆ. ಇಂತಹ ಅಪರಾಧಿಯು ಬಹುಮಟ್ಟಿಗೆ ಮಗುವಿಗೆ ಪರಿಚಿತನೇ, ಕೆಲವೊಮ್ಮೆ ನೆಂಟನೇ. ಆದುದರಿಂದಲೇ ಉಪಾಧ್ಯಾಯರು ಮೊದಲು ಮನೆಯವರನ್ನು ಕೇಳದೆ ದೂರು ಕೊಡಬೇಕಾಗಿ ಬರಬಹುದು. ಆಗ ಮನೆತನದ ಮಾನ ಹೋಯಿತೆಂದು ಅವರ ಮೇಲೆ ಹರಿಹಾಯುವುದು ಸಲ್ಲದು. ನಮ್ಮ ಊರಿನ ಶಾಲೆಯಲ್ಲಿ ಮಕ್ಕಳು ಯಾರ ಬಳಿ ನಿರ್ಭಯವಾಗಿ ಹೇಳಿಕೊಳ್ಳಬಹುದೆಂಬುದನ್ನು ವಾಚಕರು ಮುಂದಿನ ಪೋಷಕರ ಸಭೆಯಲ್ಲಿಯೇ ವಿಚಾರಿಸಲಿ. ಆ ಹೆಸರನ್ನು ತಮ್ಮ ಮಕ್ಕಳಿಗೂ ತಿಳಿಸಲಿ.