ಕಮಲಾಪುರಕ್ಕೆ ಹಳೆ ಲೇಥ್: ತಗೊಳ್ಳೋದೋ, ಬಿಡೋದೋ?

ಲೇಥ್ ಅಂದ್ರೆ ನಮಗೆ ಮಷೀನ್ ಶಾಪ್ ಲ್ಯಾಬ್, ಸ್ಟೆಪ್ ಟರ್ನಿಂಗ್, ನರ್ಲಿಂಗ್, ರೆಕಾರ್ಡ್ ಮೇಲೊಂದು ಸಹಿ. ರಿಪೇರಿ ಅಂಗಡಿ ನಡೆಸುವವರಿಗೆ ಅದು ವರ್ಷಗಟ್ಟಲೆ ಕೂಡಿಟ್ಟ ದುಡ್ಡು. ನಮ್ಮ ಗೆಳೆಯನೊಬ್ಬನ ಕಾಕಾ ಕಮಲಾಪುರದಲ್ಲಿ ಟ್ರ್ಯಾಕ್ಟರ್, ಪಂಪ್‌ಸೆಟ್ ರಿಪೇರಿ ಮಾಡ್ತಾರೆ. ಹೈದರಾಬಾದಿನ ವ್ಯಾಪಾರಿಯೊಬ್ಬ ಹಳೆ ಲೇಥ್‌ನ ಫೋಟೊ ಕಳಿಸಿ ಮುಂಗಡ ಕೇಳ್ತಿದ್ದಾನೆ. "ನೀವು ಇಂಜಿನಿಯರ್ ಆಗೋರು, ತಗೊಳ್ಳೋದೋ ಬ್ಯಾಡೋ ಹೇಳ್ರಪ್ಪ" ಅಂದ್ರು ಕಾಕಾ. ನಾವು ಕೂತು ಯೋಚನೆ ಮಾಡಿದ್ದನ್ನ ಇಲ್ಲಿ ಬರೆದಿದ್ದೇವೆ.

ಮೊದಲ ಪ್ರಶ್ನೆ: ಕೆಲಸ ಎಷ್ಟಿದೆ?

ಕಮಲಾಪುರ ಹುಮನಾಬಾದ್ ರಸ್ತೆಯಲ್ಲಿದೆ, ಕಲಬುರಗಿಯಿಂದ ಸುಮಾರು 35–40 ಕಿ.ಮೀ. ಶಾಫ್ಟ್ ಸವೆದರೆ, ಬುಷ್ ಬೇಕಾದರೆ ನಗರದ ಟರ್ನರ್ ಹತ್ತಿರ ಕಳಿಸಬೇಕು. ಅಲ್ಲಿಯವರೆಗೆ ರೈತನ ಪಂಪ್ ನಿಂತಿರ್ತದೆ. ಸ್ವಂತ ಲೇಥ್ ಇದ್ದರೆ ಉಳಿಯೋದು ಈ ಖರ್ಚು ಮತ್ತು ಸಮಯ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಲೇಥ್, ಸಾಗಣೆ, ಫೌಂಡೇಶನ್, ವೈರಿಂಗ್ ಎಲ್ಲ ಸೇರಿ 2,30,000 ರೂಪಾಯಿ ಅಂದುಕೊಳ್ಳಿ. ಕರೆಂಟು, ಟೂಲ್ ಖರ್ಚು ಕಳೆದು ಒಂದು ಕೆಲಸಕ್ಕೆ 300 ರೂಪಾಯಿ ಉಳಿಯಿತು ಅನ್ನಿ. ವಾರಕ್ಕೆ 10 ಕೆಲಸ ಬಂದರೆ ಹಾಕಿದ ದುಡ್ಡು ವಾಪಸ್ ಬರಲು ಒಂದೂವರೆ ವರ್ಷ ಸಾಕು. 4 ಕೆಲಸ ಮಾತ್ರ ಬಂದರೆ ಮೂರೂವರೆ ವರ್ಷ ದಾಟ್ತದೆ. ಹಾಗಾಗಿ ಎರಡು ತಿಂಗಳು ನಗರಕ್ಕೆ ಹೋದ ಪ್ರತಿ ಕೆಲಸವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಬೇಕು. ಫೋಟೊಗಿಂತ ಆ ನೋಟ್‌ಬುಕ್ ಹೆಚ್ಚು ನಿಜ ಹೇಳ್ತದೆ.

ಯಾವ ದೋಷ ನಮ್ಮೂರಲ್ಲಿ ಸರಿಹೋಗ್ತದೆ?

ಹಳೆ ಲೇಥ್‌ನಲ್ಲಿ ದೋಷ ಇದ್ದೇ ಇರ್ತದೆ. ಅದು ಯಾವ ಥರದ ದೋಷ ಅನ್ನೋದರ ಮೇಲೆ ತೀರ್ಮಾನ ನಿಂತಿದೆ. ಬೆಲ್ಟ್, ಮೋಟರ್, ಸ್ವಿಚ್, ಕ್ರಾಸ್ ಸ್ಲೈಡ್ ನಟ್ ಇವು ಕಲಬುರಗಿಯಲ್ಲೇ ರಿಪೇರಿ ಆಗುವಂಥವು. ಹ್ಯಾಂಡಲ್ ಅರ್ಧ ಸುತ್ತು ಸುಮ್ಮನೆ ತಿರುಗಿತು ಅಂತ ಯಂತ್ರವನ್ನೇ ಬಿಡಬೇಕಿಲ್ಲ; ಆ ಕಾರಣಕ್ಕೆ ಬೆಲೆ ಇಳಿಸಲು ಕೇಳಬಹುದು.

ಬೆಡ್ ಸವೆದಿದ್ದರೆ, ಎರಕದಲ್ಲಿ ಬಿರುಕಿದ್ದರೆ, ಹೆಡ್‌ಸ್ಟಾಕ್ ಒಳಗೆ ಗೇರ್ ಹಲ್ಲು ಮುರಿದಿದ್ದರೆ ಮಾತು ಬೇರೆ. ಬೆಡ್ ಗ್ರೈಂಡಿಂಗ್‌ಗೆ ದೊಡ್ಡ ಯಂತ್ರ ಬೇಕು; ಅಂದ್ರೆ ಲೇಥನ್ನ ಮತ್ತೆ ಲಾರಿ ಹತ್ತಿಸಬೇಕು.

ಹೆಸರು ನೋಡಿ ಮರುಳಾಗಬೇಡಿ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ, ಹರಿಹರದ ಮೈಸೂರು ಕಿರ್ಲೋಸ್ಕರ್ ಎರಡೂ ನಮ್ಮ ರಾಜ್ಯದವೇ; ಅವುಗಳ ಲೇಥ್‌ಗಳಿಗೆ ಈಗಲೂ ಬೇಡಿಕೆ ಇದೆ. ಆದರೆ ಯಂತ್ರ ಎಷ್ಟು ದುಡಿದಿದೆ ಅಂತ ನೇಮ್‌ಪ್ಲೇಟ್ ಹೇಳಲ್ಲ. ಹೊಸ ಪೇಂಟ್ ಅಂತೂ ಏನನ್ನೂ ಹೇಳಲ್ಲ.

ಬಸ್ ಹತ್ತುವ ಮುಂಚೆ

ಫೋಟೊ ಸಾಲದು, ವಿಡಿಯೊ ಕೇಳಿ. ಎಲ್ಲ ಸ್ಪೀಡ್‌ನಲ್ಲೂ ಸ್ಪಿಂಡಲ್ ತಿರುಗಬೇಕು, ಸದ್ದು ಕೇಳಿಸಬೇಕು. ಚಕ್ ಹತ್ತಿರದ ಬೆಡ್ ಕಾಣಬೇಕು. ತ್ರೀ ಜಾ, ಫೋರ್ ಜಾ ಚಕ್, ಸ್ಟೆಡಿ, ಚೇಂಜ್ ಗೇರ್‌ಗಳು ಜೊತೆಗೆ ಬರ್ತವಾ ಅಂತ ಕೇಳಿ. ಚೇಂಜ್ ಗೇರ್ ಮೇಲೆ ನಡೆಯುವ ಲೇಥ್‌ನಲ್ಲಿ ಸೆಟ್ ಪೂರ್ತಿ ಇಲ್ಲದಿದ್ದರೆ ಬೇಕಾದ ಥ್ರೆಡ್ ಹಾಕಲು ಆಗಲ್ಲ. "ಕರೆಂಟ್ ಕೊಟ್ಟು ಓಡಿಸಿ ತೋರಿಸಲ್ಲ" ಅಂದರೆ ಅಲ್ಲಿಗೇ ಬಿಡಿ. ಯಂತ್ರ ನೋಡುವ ಮುಂಚೆ ಮುಂಗಡ ಬೇಡ.

ಹೋದ ಮೇಲೆ ಮೂರು ಪರೀಕ್ಷೆ

ಡಯಲ್ ಗೇಜ್, ಮೈಕ್ರೋಮೀಟರ್, ಸ್ಪಿರಿಟ್ ಲೆವೆಲ್, ಒಂದು ದಪ್ಪ ಸರಳು ಜೊತೆಗಿರಲಿ. ಅನುಭವಿ ಟರ್ನರ್ ಒಬ್ಬರು ಬಂದರೆ ಇನ್ನೂ ಒಳ್ಳೇದು.

ಒಂದು: ಕ್ಯಾರೇಜನ್ನ ಚಕ್ ಹತ್ತಿರ ತಂದು ಅದರ ಲಾಕ್ ಸ್ವಲ್ಪ ಬಿಗಿ ಮಾಡಿ, ಕೈಯಿಂದ ಟೇಲ್‌ಸ್ಟಾಕ್ ಕಡೆ ನಡೆಸಿ. ಹೋಗ್ತಾ ಹೋಗ್ತಾ ಸಿಕ್ಕಿಕೊಂಡರೆ ಚಕ್ ಹತ್ತಿರ ಬೆಡ್ ಸವೆದಿದೆ ಅಂತ ಅರ್ಥ. ಚಿಕ್ಕ ಜಾಬ್‌ಗಳೇ ಹೆಚ್ಚು ಬರೋದರಿಂದ ಕ್ಯಾರೇಜ್ ಅಲ್ಲೇ ಓಡಾಡಿರ್ತದೆ.

ಎರಡು: ಡಯಲ್ ಗೇಜನ್ನ ಸ್ಪಿಂಡಲ್ ಮೂತಿಗೆ ಹಚ್ಚಿ ತಿರುಗಿಸಿ, ಆಮೇಲೆ ಸರಳಿನಿಂದ ಮೇಲಕ್ಕೆ ಎತ್ತಿ ನೋಡಿ. ಮುಳ್ಳು ಹೆಚ್ಚು ಆಡಿದರೆ ಬೇರಿಂಗ್ ಹೊಂದಿಸಿದರೆ ಸಾಕೋ, ಬದಲಿಸಬೇಕೋ ಕೇಳಿ.

ಮೂರು: ಟೇಲ್‌ಸ್ಟಾಕ್ ಆಸರೆ ಇಲ್ಲದೆ ಸರಳನ್ನ ಚಕ್‌ನಲ್ಲಿ ಹಿಡಿದು, 150 ಮಿ.ಮೀ. ಅಂತರದ ಎರಡು ಜಾಗದಲ್ಲಿ ಒಂದೇ ಸೆಟ್ಟಿಂಗ್‌ನಲ್ಲಿ ಹಗುರವಾಗಿ ಕಟ್ ಮಾಡಿ ಅಳೆಯಿರಿ. ಎರಡು ವ್ಯಾಸಗಳ ನಡುವೆ 0.02 ಮಿ.ಮೀ. ವ್ಯತ್ಯಾಸ ಬಂದರೆ ರಿಪೇರಿ ಕೆಲಸಕ್ಕೆ ಚಿಂತೆಯಿಲ್ಲ. 0.1 ಬಂದರೆ ಕಾರಣ ಹುಡುಕಿ. ನೆಲ ಸಮ ಇಲ್ಲದೆ ಬೆಡ್ ತಿರುಚಿದ್ದರೂ ಹೀಗಾಗ್ತದೆ. ಲೆವೆಲ್ ಇಟ್ಟು ನೋಡಿದ ಮೇಲೆಯೇ ತೀರ್ಪು ಕೊಡಿ.

ತರುವುದು, ಕೂರಿಸುವುದು

6 ಅಡಿ ಬೆಡ್‌ನ ಲೇಥ್ ಟನ್ ಲೆಕ್ಕದಲ್ಲಿ ತೂಗ್ತದೆ, ಅದೂ ಹೆಡ್‌ಸ್ಟಾಕ್ ಕಡೆ ಹೆಚ್ಚು. ಎತ್ತುವಾಗ ಕ್ಯಾರೇಜ್, ಟೇಲ್‌ಸ್ಟಾಕ್ ಎರಡನ್ನೂ ಹೆಡ್‌ಸ್ಟಾಕ್‌ನಿಂದ ದೂರದ ತುದಿಗೆ ಸರಿಸಿ ತೂಕ ಹೊಂದಿಸಬೇಕು. ಹಗ್ಗ ಲೀಡ್ ಸ್ಕ್ರೂ ಮೇಲೆ ಒತ್ತಬಾರದು. ಕಮಲಾಪುರದಲ್ಲಿ ಇಳಿಸಲು ಕ್ರೇನ್ ಸಿಗ್ತದಾ, ಬಾಗಿಲು ಸಾಲ್ತದಾ ಅಂತ ಮೊದಲೇ ನೋಡಿಕೊಳ್ಳಿ. ತೆಲಂಗಾಣದಿಂದ ಬರುವ ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಬಿಲ್ ಜೊತೆ ಇ-ವೇ ಬಿಲ್ ಬೇಕು. ಅಂಗಡಿಗೆ ತ್ರೀ ಫೇಸ್ ಸಂಪರ್ಕ ಇಲ್ಲದಿದ್ದರೆ ಜೆಸ್ಕಾಂ ಕಚೇರಿಯಲ್ಲಿ ಖರ್ಚು ವಿಚಾರಿಸಿ.

ನಮ್ಮ ಭಾಗದ ಎರೆ ಮಣ್ಣಿನ ವಿಷಯ ಸಿವಿಲ್‌ನವರಿಗೆ ಹೇಳಬೇಕಿಲ್ಲ: ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲ. ಅಂಗಡಿ ಅಂಥ ನೆಲದ ಮೇಲಿದ್ದರೆ ಮಣ್ಣು ತೆಗೆದು, ಮೊರಂ ತುಂಬಿ ಗಟ್ಟಿಮಾಡಿ ಕಾಂಕ್ರೀಟ್ ಹಾಕಬೇಕು. ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಲೆವೆಲ್ ನೋಡಬೇಕು. ಇಲ್ಲದಿದ್ದರೆ ಒಳ್ಳೆ ಲೇಥ್ ಕೂಡ ಟೇಪರ್ ಕೊಡ್ತದೆ.

ಕಾಕಾಗೆ ನಾವು ಹೇಳಿದ್ದು ಇಷ್ಟು: ನೋಟ್‌ಬುಕ್‌ನಲ್ಲಿ ವಾರಕ್ಕೆ ಎಂಟು–ಹತ್ತು ಕೆಲಸ ಕಂಡರೆ, ಬೆಡ್ ಮತ್ತು ಗೇರ್ ಚೆನ್ನಾಗಿದ್ದರೆ, ಉಳಿದ ದೋಷಗಳ ಖರ್ಚು ಕಳೆದು ಬೆಲೆ ಕುದುರಿಸಿ ತಗೊಳ್ರಿ. ಬೆಡ್ ಸವೆದಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬ್ಯಾಡ್ರಿ. ಬರಿಗೈಲಿ ವಾಪಸ್ ಬಂದರೆ ಹೋಗೋದು ಬಸ್ ಚಾರ್ಜ್ ಒಂದೇ.