‘ಕೊಡ್ರಿ’ ಎಂಬುದಕ್ಕೆ ಇಂಗ್ಲಿಷಿನಲ್ಲೇನು?

ಸುರಪುರ ತಾಲ್ಲೂಕಿನ ಕಕ್ಕೇರಾದಲ್ಲಿ ನೀರು ಬೇಕಾದವರು ‘ನೀರು ಕೊಡ್ರಿ’ ಎನ್ನುತ್ತಾರೆ. ಮರ್ಯಾದೆಯೆಲ್ಲವೂ ಕೊನೆಯ ‘ರಿ’ಯಲ್ಲಿ ಅಡಗಿದೆ. ವ್ಯಾಕರಣದಲ್ಲಿ ಇದು ಬಹುವಚನದ ಪ್ರತ್ಯಯ. ಒಬ್ಬರಿಗೇ ಹೇಳಿದಾಗ ಗೌರವಸೂಚಕ. ಇಂಗ್ಲಿಷಿನ ಕ್ರಿಯಾಪದಕ್ಕೆ ಇಂಥ ಬಾಲವಿಲ್ಲ. ‘ಗಿವ್’ ಎಂಬುದು ‘ಕೊಡು’ವೂ ಹೌದು, ‘ಕೊಡಿರಿ’ಯೂ ಹೌದು. ಆದುದರಿಂದ ಕಛೇರಿಗೆ ಹೊಸದಾಗಿ ಸೇರಿದ ನಮ್ಮ ತರುಣನು ‘ಗಿವ್ ಮಿ ದಟ್ ಫೈಲ್’ ಎಂದರೆ, ಅವನ ಮನಸ್ಸಿನಲ್ಲಿದ್ದ ‘ರಿ’ ಕೇಳುವವರ ಕಿವಿಗೆ ಮುಟ್ಟುವುದೇ ಇಲ್ಲ, ವಿನಯಶೀಲನೇ ಒರಟನೆನಿಸಿಕೊಳ್ಳುತ್ತಾನೆ. ಆ ಭಾಷೆಯಲ್ಲಿ ಅಪ್ಪಣೆಯನ್ನು ಪ್ರಶ್ನೆಯಾಗಿ ತಿರುಗಿಸಬೇಕು: ‘ಕುಡ್ ಯೂ ಗಿವ್ ಮಿ ದಟ್ ಫೈಲ್, ಪ್ಲೀಸ್?’ ಇಲ್ಲಿಯ ‘ಕುಡ್’ ಭೂತಕಾಲದ ರೂಪವಾದರೂ ಕಳೆದ ಕಾಲವನ್ನು ಸೂಚಿಸುವುದಿಲ್ಲ. ಒತ್ತಾಯವನ್ನು ತುಸು ದೂರ ಸರಿಸಿ, ಒಲ್ಲೆನೆನ್ನಲು ಎದುರಿನವರಿಗೆ ಎಡೆಕೊಡುತ್ತದೆ. ಬರಿಯ ‘ಪ್ಲೀಸ್’ ಅಂಟಿಸಿದ ಅಪ್ಪಣೆ, ನನ್ನ ಮಟ್ಟಿಗೆ, ಇನ್ನೂ ಅಪ್ಪಣೆಯೇ. ಗೆಳೆಯರಲ್ಲಾದರೆ ‘ಕ್ಯಾನ್ ಯೂ’ ಸಾಕು.