ಕ್ಯಾನಿಸ್ಟರ್ ಫಿಲ್ಟರ್: ಅಗ್ಗದ್ದಾ, ಬ್ರ್ಯಾಂಡಾ?

ಅಕ್ವೇರಿಯಂಗೆ ಸನ್‌ಸನ್ ಸಾಕಾ, ಈಹೈಮ್‌ಗೆ ದುಡ್ಡು ಸುರೀಬೇಕಾ ಅಂತ ತುಂಬಾ ಜನ ಕೇಳ್ತಿದ್ದೀರಿ. ನಾನು ಕಾಮರ್ಸ್ ಓದಿದವನು, ಲೆಕ್ಕ ಹೀಗಿಡ್ತೀನಿ.

ಮೀನಿನ ಗಲೀಜಿನಿಂದ ಬರೋ ಅಮೋನಿಯಾ ವಿಷವನ್ನು ಕರಗಿಸೋದು ಫಿಲ್ಟರ್ ಒಳಗಿನ ಮೀಡಿಯಾದಲ್ಲಿ ಬೆಳೆಯೋ ಬ್ಯಾಕ್ಟೀರಿಯಾ. ಅವಕ್ಕೆ ಬ್ರ್ಯಾಂಡ್ ಗೊತ್ತಿಲ್ಲ. ಹಾಗಾದ್ರೆ ಹೆಚ್ಚಿನ ಹಣ ಯಾವುದಕ್ಕೆ? ಓ-ರಿಂಗ್, ಇಂಪೆಲ್ಲರ್, ಕ್ಲಿಪ್‌ಗಳ ಗುಣಮಟ್ಟಕ್ಕೆ. ದಿನಕ್ಕೆ 24 ಗಂಟೆ ಓಡೋ ಯಂತ್ರದಲ್ಲಿ ಸವೆಯೋದು ಇವೇ. ಓ-ರಿಂಗ್ ಗಟ್ಟಿಯಾದ್ರೆ ತೊಟ್ಟಿ ನೀರು ಹಾಲ್‌ಗೆ ಬರುತ್ತೆ. ಇಂಪೆಲ್ಲರ್ ಗಂಟೆಗಟ್ಟಲೆ ನಿಂತರೆ ಆಮ್ಲಜನಕ ಸಿಗದೆ ಬ್ಯಾಕ್ಟೀರಿಯಾ ಸಾಯುತ್ತೆ, ಆಮೇಲೆ ಮೀನಿಗೂ ಅಪಾಯ.

ಸೋ, ಬೆಲೆ ಕೇಳೋ ಮೊದಲು ಅಂಗಡಿಯಲ್ಲಿ ಒಂದೇ ಪ್ರಶ್ನೆ: "ಓ-ರಿಂಗ್, ಇಂಪೆಲ್ಲರ್ ಬಿಡಿಯಾಗಿ ಸಿಗುತ್ತಾ?" ಸಿಗುತ್ತೆ ಅಂದ್ರೆ ಅಗ್ಗದ್ದೂ ಸೈ, ಒಂದು ಸೆಟ್ ಇವತ್ತೇ ತೆಗೆದಿಡಿ. ಸಿಗಲ್ಲ ಅಂದ್ರೆ ಬ್ರ್ಯಾಂಡೂ ದಂಡ.